ಕೊಟ್ಟಿಗೆಯಿರುವ ಮನೆ ಮಾರುವ ಮುನ್ನ

2021ರಲ್ಲಿ ಕೆಂಗೇರಿಗೆ ಮೆಟ್ರೋ ಬಂದ ಮೇಲೆ ಕೊಟ್ಟಿಗೆಯಿರುವ ಹಳೆಯ ಮನೆಗಳನ್ನೂ ಕೇಳಿಕೊಂಡು ಬರುವವರಿದ್ದಾರೆ. ದಲ್ಲಾಳಿ ಹೇಳಿದ ಬೆಲೆಗೆ ಮರುಳಾಗಬೇಡಿ. ಸರ್ಕಾರದ ಮಾರ್ಗಸೂಚಿ ಬೆಲೆ ಇರುವುದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ. ಮಾರುಕಟ್ಟೆ ಬೆಲೆ ಬೇರೆ. ನಿಮ್ಮ ಬೀದಿಯಲ್ಲೇ ಇತ್ತೀಚೆಗೆ ಮಾರಾಟವಾದ ಮನೆಯ ದರ ವಿಚಾರಿಸಿ. ಹಳೆಯ ಮನೆಗೆ ಬರುವ ಹಣದಲ್ಲಿ ಹೆಚ್ಚಿನ ಪಾಲು ನೆಲದ್ದು. ಬಣ್ಣ ಹೊಡೆಸಲು ಸಾಲ ಮಾಡುವುದು ದಂಡ. ಇ-ಖಾತೆ, ಋಣಭಾರ ಪತ್ರ, ಕಂದಾಯ ರಸೀದಿ ಮೊದಲು ಸರಿಪಡಿಸಿಕೊಳ್ಳಿ.

ತಿಪ್ಪೆ ಎತ್ತಿಸಿ, ಗಂಜಲದ ಚರಂಡಿ ತೊಳೆದು ಕೊಟ್ಟಿಗೆಗೆ ಸುಣ್ಣ ಬಳಿಯಿರಿ. (ವಾಸನೆ ನಮಗೆ ಒಗ್ಗಿದೆ, ಕೊಳ್ಳುವವರಿಗಲ್ಲ!)

ಮುಂಗಡ ಪಡೆಯುವ ಮೊದಲೇ ಹಸುಗಳಿಗೆ ಬೇರೆ ಜಾಗ ಗೊತ್ತುಮಾಡಿ. ಗಡುವು ಹತ್ತಿರವಾದಾಗ ಆತುರಪಟ್ಟರೆ ಕರೆಯುವ ಹಸುವನ್ನೂ ಕೇಳಿದ ಬೆಲೆಗೇ ಕೊಡಬೇಕಾಗುತ್ತದೆ. ತುಂಬು ಗಬ್ಬದ ರಾಸನ್ನು ಲಾರಿಗೆ ಹತ್ತಿಸಬೇಡಿ; ಕರು ಹಾಕಿದ ಮೇಲೆ ಮನೆ ಬಿಟ್ಟುಕೊಡುವಂತೆ ಕರಾರಿನಲ್ಲೇ ದಿನ ಬರೆಸಿ.