ಮಗು ಓದಲಿ, ನಾವು ಕೇಳೋಣ

ಅಂಗಡಿ ಬಾಗಿಲು ಹಾಕಿ ಮನೆಗೆ ಬಂದೊಡನೆ ನಾವು ಮಕ್ಕಳನ್ನು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಅಂಕ ಬಂತು?" "ಒಂದು ಪುಟ ಓದು, ಕೇಳುತ್ತೇನೆ" ಎನ್ನುವವರು ಕಡಿಮೆ. ಬಾಯಿಪಾಠದಿಂದ ಅಂಕ ತರುವ ಮಗು ಹೊಸ ಪುಟ ಕಂಡರೆ ತಡವರಿಸುತ್ತದೆ. ನಾಳೆ ಕರಾರುಪತ್ರ ಓದಿ ಸಹಿ ಹಾಕಬೇಕಾದವರು ಇವರೇ ಅಲ್ಲವೇ?

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಗಡಿಸೀಮೆ. ಗದ್ವಾಲ್ ತಾಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಇಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷ್. ಅಕ್ಷರ ಕೂಡಿಸುವುದರಲ್ಲೇ ಶ್ರಮವೆಲ್ಲ ಕಳೆದರೆ ಅರ್ಥ ಜಾರಿಹೋಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಯೋಜನೆ, ಮೂರನೆಯ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆಂಬ ಗುರಿಯಿಟ್ಟಿದೆ.

ಉಪಾಯ ಸುಲಭ. ಒಂದು ಸಣ್ಣ ಪುಟ ಆರಿಸಿ, ಮೊದಲು ದೊಡ್ಡವರು ಓದಿ ತೋರಿಸಲಿ. ಅದನ್ನೇ ಮಗು ಮೂರು ಸಲ ಗಟ್ಟಿಯಾಗಿ ಓದಲಿ. ತಡೆದಲ್ಲಿ ಬೈಯದೆ ಪದ ಹೇಳಿಕೊಡಿ. ಕೊನೆಗೆ ಅರ್ಥ ಕೇಳಿ. ತಂದೆಗೆ ಬಿಡುವಿಲ್ಲದಿದ್ದರೆ ಅಜ್ಜಿಯೇ ಓದಿಸಲಿ. ಅವರಿಗೆ ಬರುವುದು ಕನ್ನಡವೊಂದೇ ಆದರೂ ಚಿಂತೆಯಿಲ್ಲ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದವು. ಒಂದು ಹಿಡಿತಕ್ಕೆ ಬಂದರೆ ಇನ್ನೊಂದಕ್ಕೆ ದಾರಿಯಾಗುತ್ತದೆ.

ಇದು ನಮಗೆ ಹೊಸದೂ ಅಲ್ಲ. ತತ್ತ್ವಾರ್ಥಸೂತ್ರ ಹೇಳುವ ಐದು ಬಗೆಯ ಸ್ವಾಧ್ಯಾಯದಲ್ಲಿ ವಾಚನಾ, ಪೃಚ್ಛನಾ, ಆಮ್ನಾಯ ಸೇರಿವೆ: ಓದುವುದು, ಪ್ರಶ್ನಿಸುವುದು, ಶುದ್ಧವಾಗಿ ಮತ್ತೆ ಮತ್ತೆ ಹೇಳುವುದು.

ದಿನದ ಖಾತೆ-ಕಿರ್ದಿ ಬರೆಯದೆ ಮಲಗದವರು ನಾವು. ಮಗುವಿನ ಓದಿಗೂ ದಿನಕ್ಕೆ 15 ನಿಮಿಷ ಜಮಾ ಮಾಡೋಣ.