ತಟ್ಟೆಯಲ್ಲೇ ಮುಪ್ಪಾಗುವ ಕಾಂಡಕೋಶ

ಅತ್ತಿಗುಂಡಿಯ ಇಳಿಜಾರು ಕಾಫಿ ತೋಟಗಳಲ್ಲಿ ವರ್ಷಗಟ್ಟಲೆ ಹಣ್ಣು ಕೊಯ್ದವರ ಹತ್ತಿರ ಕೂತರೆ, ಮಳೆ ಮತ್ತು ಕಾಫಿ ರೇಟು ಮುಗಿದ ಮೇಲೆ ಮಾತು ಮಂಡಿ ನೋವಿಗೆ ಬಂದೇ ಬರುತ್ತದೆ. ಈ ನೋವಿಗೆ ‘ಸ್ಟೆಮ್ ಸೆಲ್ ಇಂಜೆಕ್ಷನ್’ ಎಂಬ ಹೊಸ ಆಸೆ ಹುಟ್ಟಿದೆ. ಪೂರಾ ಗಾಳಿಮಾತಲ್ಲ ಅದು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ತಯಾರಿಸಿದ ಇಂಥ ಔಷಧಕ್ಕೆ, ಮಂಡಿ ಸವೆತದ ಚಿಕಿತ್ಸೆಗಾಗಿ, 2022ರಲ್ಲಿ ಕೇಂದ್ರ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದೆ. ಒಂದು ಮಂಡಿಗೆ ಎರಡೂವರೆ ಕೋಟಿ ಕೋಶ. ಅವು ರೋಗಿಯ ಸ್ವಂತ ಕೋಶಗಳಲ್ಲ. ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸಿದವು.

ನಮ್ಮದೇ ಕೋಶ ಇರುವಾಗ ಬೇರೆಯವರದು ಯಾಕೆ? ದೊಡ್ಡ ಪ್ರಮಾಣದಲ್ಲಿ ಸಿದ್ಧವಾಗಿಡಬಹುದು ಎಂಬುದು ಒಂದು ಉತ್ತರ. ನನಗೆ ಹೆಚ್ಚು ಕುತೂಹಲದ್ದು ಇನ್ನೊಂದು: ಮುಪ್ಪು.

ಮಜ್ಜೆಯಲ್ಲಿ ಇಂಥ ಕಾಂಡಕೋಶಗಳು (ಸ್ಟೆಮ್ ಸೆಲ್) ತೀರಾ ವಿರಳ, ಹತ್ತಾರು ಸಾವಿರ ಕೋಶಗಳಲ್ಲಿ ಒಂದು. ಅವನ್ನು ಪ್ಲಾಸ್ಟಿಕ್ ತಟ್ಟೆಗೆ ಅಂಟಿಸಿ, ಪೋಷಕ ದ್ರವ ಹಾಕಿ ಬೆಳೆಸುತ್ತಾರೆ. ತಟ್ಟೆ ತುಂಬಿದೊಡನೆ, ಪಾತಿಯಲ್ಲಿ ಒತ್ತೊತ್ತಾಗಿ ಎದ್ದ ಕಾಫಿ ಸಸಿಗಳನ್ನು ಕಿತ್ತು ಬುಟ್ಟಿಗೆ ನೆಡುವಂತೆ, ಹೊಸ ತಟ್ಟೆಗಳಿಗೆ ಹಂಚುತ್ತಾರೆ. ಲ್ಯಾಬಿನವರ ಬಾಯಲ್ಲಿ ಇದು ‘ಪ್ಯಾಸೇಜ್’. ಹತ್ತು ಸಾವಿರ ಕೋಶಗಳಿಂದ ಎರಡೂವರೆ ಕೋಟಿ ಮುಟ್ಟಲು ಅವು ಹನ್ನೊಂದು-ಹನ್ನೆರಡು ಸಲ ಇಮ್ಮಡಿಯಾಗಬೇಕು. ಒಂದೇ ಕೋಶದಿಂದ ಹೊರಟರೆ ಸುಮಾರು ಇಪ್ಪತ್ತೈದು ಸಲ.

ಹೀಗೆ ಎಷ್ಟು ಸಲ ಬೇಕಾದರೂ ನಡೆಯುತ್ತದೆ ಎಂದೇ ವಿಜ್ಞಾನಿಗಳು ದಶಕಗಳ ಕಾಲ ನಂಬಿದ್ದರು. 1961ರಲ್ಲಿ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಆ ನಂಬಿಕೆ ಮುರಿದರು. ಮನುಷ್ಯನ ಸಾಮಾನ್ಯ ಕೋಶಗಳು ಐವತ್ತರ ಆಸುಪಾಸು ಸಲ ಇಮ್ಮಡಿಯಾಗಿ ನಿಂತುಬಿಡುತ್ತವೆ. ಕೋಶ ಒಡೆದಾಗಲೆಲ್ಲ ವರ್ಣತಂತುವಿನ ತುದಿಯ ಟೆಲೊಮಿಯರ್ ಚೂರು ಗಿಡ್ಡವಾಗುವುದು ಇದಕ್ಕೊಂದು ಮುಖ್ಯ ಕಾರಣ. ನಿಂತ ಕೋಶ ಸಾಯುವುದಿಲ್ಲ. ಚಪ್ಪಟೆಯಾಗಿ ಹರಡಿ ಕೂತು, ಉರಿಯೂತ ಎಬ್ಬಿಸುವ ರಾಸಾಯನಿಕಗಳನ್ನು ಸುತ್ತ ಸುರಿಯುತ್ತದೆ. ಇದೇ ಕೋಶದ ಮುಪ್ಪು.

ದಾನಿಗೆ ವಯಸ್ಸಾಗಿದ್ದರೆ ಈ ಗಡುವು ಇನ್ನೂ ಬೇಗ ಬರುತ್ತದೆ. ಡೆನ್ಮಾರ್ಕಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18ರಿಂದ 29 ವರ್ಷದವರ ಮಜ್ಜೆಯ ಕೋಶಗಳು ಸರಾಸರಿ 41 ಸಲ ಇಮ್ಮಡಿಯಾದವು. 68ರಿಂದ 81 ವರ್ಷದವರವು 24ಕ್ಕೇ ನಿಂತವು. ಆದರೆ ಮೂಳೆ ಕಟ್ಟುವ ಶಕ್ತಿಯಲ್ಲಿ ಎರಡು ಗುಂಪುಗಳೂ ಸಮಸಮ. ಅಜ್ಜನ ಕೋಶಕ್ಕೆ ಕೆಲಸ ಮರೆತಿರಲಿಲ್ಲ, ವಂಶ ಬೆಳೆಸುವ ತ್ರಾಣ ಕಡಿಮೆಯಾಗಿತ್ತು ಅಷ್ಟೆ. ಮಂಡಿ ಸವೆದು ಚಿಕಿತ್ಸೆ ಹುಡುಕುವವರೂ ಹೆಚ್ಚಾಗಿ ವಯಸ್ಸಾದವರೇ ಅಲ್ಲವೇ!

ಲ್ಯಾಬಿನವರು ಸುಮ್ಮನೆ ಕೂತಿಲ್ಲ. ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕವಿದೆ, ಮಜ್ಜೆಯೊಳಗೆ ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಶೇ 5 ಅಥವಾ ಅದಕ್ಕೂ ಕಡಿಮೆ ಆಮ್ಲಜನಕದಲ್ಲಿ ಬೆಳೆಸಿ ಮುಪ್ಪನ್ನು ಮುಂದೂಡುತ್ತಾರೆ. ಎಳೆಯ ಪ್ಯಾಸೇಜಿನ ಕೋಶಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಕೂಡಿಡುತ್ತಾರೆ.

ಇಷ್ಟೆಲ್ಲ ಎಚ್ಚರಿಕೆ ಯಾಕೆಂದರೆ, ಮುಪ್ಪಾದ ಕೋಶ ಬರೀ ನಿರುಪಯೋಗಿಯಲ್ಲ. ಅಂಥ ಕೋಶಗಳನ್ನು ಆರೋಗ್ಯವಂತ ಇಲಿಗಳ ಮಂಡಿಗೆ ಚುಚ್ಚಿದಾಗ ಅಲ್ಲಿ ಸಂಧಿವಾತದಂಥ ಸವೆತ ಕಾಣಿಸಿಕೊಂಡದ್ದು 2017ರಲ್ಲಿ ವರದಿಯಾಗಿದೆ.

ಬೆಂಗಳೂರಿನ ಔಷಧದ ಮೂರನೇ ಹಂತದ ಪರೀಕ್ಷೆ 146 ಜನರ ಮೇಲೆ ನಡೆದು, ಒಂದು ವರ್ಷದವರೆಗೆ ನೋವು ತಗ್ಗಿದ್ದನ್ನು ತೋರಿಸಿತು. ಒಳ್ಳೆಯ ಸುದ್ದಿಯೇ, ಆದರೆ ಹತ್ತು ವರ್ಷದ ಭರವಸೆಯಲ್ಲ. ಪೂರ್ತಿ ಸವೆದ ಮಂಡಿಗೂ ಇದು ಮದ್ದಲ್ಲ. ‘ನಿಮ್ಮದೇ ಕೋಶ ಬೆಳೆಸಿ ಕೊಡುತ್ತೇವೆ’ ಎಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ, ಕೋಶ ಎಷ್ಟನೇ ಪ್ಯಾಸೇಜಿನದು, ಮುಪ್ಪಿನ ಪರೀಕ್ಷೆ ಆಗಿದೆಯೇ, ಔಷಧ ನಿಯಂತ್ರಕರ ಒಪ್ಪಿಗೆ ಎಲ್ಲಿ ಎಂದು ಕೇಳಿ. ಉತ್ತರ ಬರಹದಲ್ಲಿ ಸಿಗದಿದ್ದರೆ ದುಡ್ಡು ಕಟ್ಟಬೇಡಿ.