ಕೊನೆಯ ರಾಜ ತೆರೆಗೆ ಬಂದಾಗ

ನರಸಿಂಹರಾಜಪುರ ಸೀಮೆಯ ಮುತ್ತಿನಕೊಪ್ಪದಲ್ಲಿ ಕಳೆದ ಮಳೆಗಾಲ ಬಂಧುಗಳ ಮನೆಯಲ್ಲಿದ್ದೆ. ಎರಡು ದಿನ ಕರೆಂಟು ಇರಲಿಲ್ಲ. ಟಿ.ವಿ. ಸುಮ್ಮನಾದ ಮೇಲೆ ಕಪಾಟಿನಿಂದ ಈಚೆ ಬಂದದ್ದು ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಮನೆಯ ಹಿರಿಯರು ಪುಸ್ತಕ ನೋಡಿ, "ಇದನ್ನು ಹಿಂದಿಯಲ್ಲಿ ದೂರದರ್ಶನದವರು ತೋರಿಸಿದ್ದರಲ್ಲವೆ? ಕನ್ನಡದಲ್ಲಿ ಬಂದರೆ ಹೇಗಿದ್ದೀತು?" ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹಿಂದಿ ಧಾರಾವಾಹಿಯ ಹೆಸರು 'ಅಂತಿಮ್ ರಾಜಾ'. ಶೀರ್ಷಿಕೆಯಲ್ಲಿ ತಪ್ಪಿಲ್ಲ, 1834ರ ಏಪ್ರಿಲ್‌ನಲ್ಲಿ ಕರ್ನಲ್ ಫ್ರೇಸರ್ ಮಡಿಕೇರಿಗೆ ಬಂದಾಗ ಹಾಲೇರಿ ಮನೆತನದ ಆಳ್ವಿಕೆ ಮುಗಿದದ್ದು ನಿಜ. ಆದರೆ ಆ ಹೆಸರು ನಮ್ಮ ಕಣ್ಣನ್ನು ಒಬ್ಬನೇ ಮನುಷ್ಯನ ಮೇಲೆ ನಿಲ್ಲಿಸುತ್ತದೆ. 1956ರಲ್ಲಿ ಪ್ರಕಟವಾಗಿ, 1983ರಲ್ಲಿ ಮಾಸ್ತಿಯವರಿಗೆ ಜ್ಞಾನಪೀಠ ತಂದ ಈ ಕಾದಂಬರಿಯ ದುರಂತ ಒಬ್ಬನದಲ್ಲ. ಕುಡುಕ, ಕ್ರೂರಿ, ಹಟಮಾರಿ ದೊರೆ ಒಂದು ಕಡೆ. ಅವನಿಂದ ನಾಡನ್ನು ಉಳಿಸಬೇಕೆಂದು ಹೊರಟ ಮರ್ಯಾದಸ್ಥರು ಇನ್ನೊಂದು ಕಡೆ. ಮಂತ್ರಿ ಬೋಪಣ್ಣ ಕಂಪನಿಯವರ ಕಡೆಗೆ ವಾಲುವುದು ದುರಾಸೆಯಿಂದಲ್ಲ, ಬೇಸತ್ತು. ಕೆಟ್ಟ ದೊರೆಯನ್ನು ಇಳಿಸಲು ಹೋಗಿ ನಾಡನ್ನೇ ಒಪ್ಪಿಸಿಬಿಟ್ಟವರ ಕಥೆಯಿದು. ಗಂಡನನ್ನು ತಿದ್ದಲೂ ಆಗದೆ ಬಿಡಲೂ ಆಗದೆ ನಿಂತ ರಾಣಿ ಗೌರಮ್ಮನನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಕಿರುತೆರೆಗೆ ಕಷ್ಟವಾಗುವುದು ಇಲ್ಲಿಯೇ. ಅರಮನೆ, ಕೋವಿ, ಕುಂಟ ಬಸವನ ಕುತಂತ್ರ ಇವೆಲ್ಲ ಕ್ಯಾಮೆರಾಕ್ಕೆ ಒಲಿಯುತ್ತವೆ. ಮಾಸ್ತಿಯವರ ಜೀವಾಳವೋ ಮಾತುಕತೆ. ತಗ್ಗಿದ ದನಿಯಲ್ಲಿ ಜನ ಕೂತು ಆಲೋಚಿಸುವ ಪುಟಗಳನ್ನು ತೆಗೆದುಬಿಟ್ಟರೆ ಉಳಿಯುವುದು ಒಬ್ಬ ಖಳನ ಚರಿತ್ರೆ ಮಾತ್ರ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ಗಿರೀಶ ಕಾರ್ನಾಡರು 1999ರಲ್ಲಿ ತೆರೆಗೆ ತಂದಾಗ, ಕಾದಂಬರಿಯ ಕಾಡೆಲ್ಲಿ ಹೋಯಿತು ಎಂದು ನಮ್ಮ ಕಡೆಯ ಓದುಗರು ಗೊಣಗಿದ್ದುಂಟು. (ಆಗುಂಬೆ 'ಮಾಲ್ಗುಡಿ'ಯಾಗಿ ಹಿಂದಿ ಮಾತಾಡಿದಾಗ ಮಾತ್ರ ಯಾರೂ ಗೊಣಗಲಿಲ್ಲ, ಶಂಕರನಾಗ್ ಅವರ ಮೇಲಿನ ಪ್ರೀತಿ ಅಷ್ಟಿತ್ತು.)

ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು. ಈ ದೊರೆಯ ಕ್ರೌರ್ಯದ ಕಥೆಗಳಲ್ಲಿ ಬಹಳಷ್ಟನ್ನು ಬರೆದಿಟ್ಟವರು ಗೆದ್ದ ಪಕ್ಷದವರು ಅಥವಾ ಅವರ ಆಳ್ವಿಕೆಯ ನೆರಳಿನಲ್ಲಿದ್ದವರು. 'ಮಂಗಳೂರು ಸಮಾಚಾರ'ದ ಮೂಲಕ ಕನ್ನಡಕ್ಕೆ ಪತ್ರಿಕೆಯನ್ನು ಕೊಟ್ಟ ಮೋಗ್ಲಿಂಗರೇ 1855ರಲ್ಲಿ ಕೊಡಗಿನ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ದೊರೆ ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ಆದರೆ ಜನಕ್ಕೆ ಅವನು ಅಷ್ಟೊಂದು ಬೇಡವಾಗಿದ್ದರೆ, ಮೂರೇ ವರ್ಷಗಳಲ್ಲಿ, 1837ರಲ್ಲಿ, ಸುಳ್ಯದ ರೈತರು ಹಾಲೇರಿ ಮನೆತನದ ಹೆಸರು ಹಿಡಿದೇ ದಂಡೆದ್ದು ಮಂಗಳೂರಿಗೆ ನುಗ್ಗಿದ್ದೇಕೆ? ಆ ದಂಗೆಗಾಗಿ ಗುಡ್ಡೆಮನೆ ಅಪ್ಪಯ್ಯಗೌಡರು ಮಡಿಕೇರಿಯಲ್ಲಿ ನೇಣಿಗೇರಿದ್ದೇಕೆ? ಪುಸ್ತಕದಲ್ಲಿ ಓದಿದ್ದನ್ನು ಕಾದಂಬರಿಯೆಂದು ಪಕ್ಕಕ್ಕಿಡಬಲ್ಲ ನಾವು, ಟಿ.ವಿ.ಯಲ್ಲಿ ಕಂಡದ್ದನ್ನು ಇತಿಹಾಸವೆಂದೇ ನಂಬಿಬಿಡುತ್ತೇವೆ.

ಮಲೆನಾಡಿನವರಿಗೆ ಇದು ದೂರದ ಊರಿನ ಸಂಗತಿಯೂ ಅಲ್ಲ. ಹಾಲೇರಿಯವರು ಇಕ್ಕೇರಿ ನಾಯಕರ ಬಳಗದವರೆಂಬ ನಂಬಿಕೆಯಿದೆ. 1763ರಲ್ಲಿ ಹೈದರನಿಗೆ ಬಿದ್ದ ಬಿದನೂರಿನ ಕಥೆಯನ್ನು ಇದೇ ಮಾಸ್ತಿ 'ಚೆನ್ನಬಸವನಾಯಕ'ದಲ್ಲಿ ಬರೆದಿದ್ದಾರೆ. ಎರಡರಲ್ಲಿಯೂ ಕೋಟೆ ಹೊರಗಿನಿಂದ ಬೀಳುವ ಮೊದಲೇ ಒಳಗೆ ಸಡಿಲಾಗಿರುತ್ತದೆ.

ಕನ್ನಡದಲ್ಲಿ ಯಾರಾದರೂ ಇದಕ್ಕೆ ಕೈಹಾಕುವುದಾದರೆ ಮಡಿಕೇರಿಯಿಂದಲ್ಲ, ಲಂಡನ್ನಿನಿಂದ ಆರಂಭಿಸಲಿ ಎಂದು ಆ ಹಿರಿಯರಿಗೆ ಹೇಳಿದೆ. ಕಾಶಿಯಲ್ಲಿ ವರ್ಷಗಟ್ಟಲೆ ಕಳೆದ ದೊರೆ 1852ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೋದ. ಮಗಳು ಗೌರಮ್ಮ ಕ್ರೈಸ್ತಳಾದಳು. ಧರ್ಮಮಾತೆಯಾಗಿ ನಿಂತವಳು ರಾಣಿ ವಿಕ್ಟೋರಿಯಾ. ಅಪ್ಪ ಕಂಪನಿಯಿಂದ ತನ್ನ ಹಣ ವಾಪಸು ಬರಬೇಕೆಂದು ಅವರದೇ ನ್ಯಾಯಾಲಯದಲ್ಲಿ ಹೋರಾಡುತ್ತ 1859ರಲ್ಲಿ ತೀರಿಕೊಂಡ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಣ ಸಿಕ್ಕಿತೇ?" ಎಂದರು.